ಪರರ ಯಂತ್ರದಲ್ಲಿ ಸ್ವಧನ

ಒಂದು ಬ್ಯಾಂಕಿನಲ್ಲಿ ಖಾತೆ ಇಟ್ಟವರು ಇನ್ನೊಂದು ಬ್ಯಾಂಕಿನ ಎಟಿಎಂನಿಂದ ಹಣ ತೆಗೆದುಕೊಂಡಾಗ ಅಲ್ಲಿ ನಡೆದದ್ದು ದಾನವೇ, ವ್ಯಾಪಾರವೇ, ಸಾಲದ ತೀರುವಳಿಯೇ ಅಥವಾ ಈ ಮೂರಕ್ಕೂ ಪೂರ್ತಿ ಒಗ್ಗದ ಬೇರೊಂದು ಸಂಬಂಧವೇ ಎಂಬ ಪ್ರಶ್ನೆ ಹಣಕಾಸಿನ ಚರ್ಚೆಗಳಲ್ಲಿ ಏಳುವುದು ಅಪರೂಪ. ಅಲ್ಲಿನ ಮಾತು ಹೆಚ್ಚಾಗಿ ಶುಲ್ಕ ಎಷ್ಟು, ಯಂತ್ರಗಳು ಎಷ್ಟು ಎಂಬಲ್ಲಿಗೆ ನಿಂತುಬಿಡುತ್ತದೆ. ಆದರೆ ಪ್ರತಿಸ್ಪರ್ಧಿಯ ಗ್ರಾಹಕರಿಗೆ ತನ್ನ ಪೆಟ್ಟಿಗೆಯ ನೋಟನ್ನು ಎಣಿಸಿ ಕೊಡುವ ಸಂಸ್ಥೆ ಏಕೆ ಹಾಗೆ ಕೊಡಬೇಕು, ಕೊಡದೆ ಹೋದರೆ ಅದು ಲಾಭನಷ್ಟದ ತೀರ್ಮಾನವೋ ಕರ್ತವ್ಯದ ಲೋಪವೋ ಎಂದು ನಿರ್ಣಯಿಸಬೇಕಾದರೆ ಸ್ವತ್ವ, ಋಣ, ತ್ಯಾಗ ಎಂಬ ಪರಿಕಲ್ಪನೆಗಳ ಬಳಿಗೆ ಹೋಗದೆ ಗತಿಯಿಲ್ಲ. ಇವುಗಳನ್ನು ಕುರಿತು ಧರ್ಮಶಾಸ್ತ್ರಕಾರರು ನಡೆಸಿದ ವಾದಗಳು ಈ ಆಧುನಿಕ ಸಂಗತಿಯನ್ನು ಅಳೆಯುವುದಕ್ಕೆ ಇಂದಿಗೂ ಒದಗುತ್ತವೆ.

ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬಯಿಯಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನದಾಗಿ ಬಂತು. ಅಂದಿನ ಯಂತ್ರಗಳು ಅವುಗಳನ್ನಿಟ್ಟ ಬ್ಯಾಂಕಿನ ಗ್ರಾಹಕರಿಗೆ ಮಾತ್ರ ಮೀಸಲಾಗಿದ್ದವು. 1997ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಮುಂಬಯಿಯಲ್ಲಿ ಹಲವು ಬ್ಯಾಂಕುಗಳ ಯಂತ್ರಗಳನ್ನು ಕೂಡಿಸಿ 'ಸ್ವಧನ' ಎಂಬ ಜಾಲವನ್ನು ಕಟ್ಟಿತು. ಅದು 2003ರ ಕೊನೆಗೆ ನಿಂತುಹೋಯಿತು. ಮರುವರ್ಷ ಆಗಸ್ಟಿನಲ್ಲಿ, ರಿಸರ್ವ್ ಬ್ಯಾಂಕು ಸ್ಥಾಪಿಸಿದ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯಾದ ಐಡಿಆರ್‌ಬಿಟಿಯು 'ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್' ಎಂಬ ಹೊಸ ಜಾಲವನ್ನು ಆರಂಭಿಸಿದಾಗ ಮೊದಲು ಸೇರಿದ ಮೂರು ಬ್ಯಾಂಕುಗಳಲ್ಲಿ ಒಂದು 1906ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಂಗಳೂರಿನಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡಿದ್ದ ಕಾರ್ಪೊರೇಷನ್ ಬ್ಯಾಂಕು. ಉಳಿದೆರಡು ಬ್ಯಾಂಕ್ ಆಫ್ ಬರೋಡಾ ಮತ್ತು ಐಸಿಐಸಿಐ. 2009ರ ಡಿಸೆಂಬರಿನಲ್ಲಿ ಜಾಲದ ಆಡಳಿತ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿಗೆ ವರ್ಗವಾಯಿತು. ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾಗಿ ಹೆಸರು ಕಳೆದುಕೊಂಡಿತು. ಅದು ಕೂಡಿ ಕಟ್ಟಿದ ಜಾಲ ಈಗ ದೇಶದ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಬೆಸೆದಿದೆ.

ಸ್ವಿಚ್ ಎಂದರೆ ಇಲ್ಲಿ ಕೋರಿಕೆಯನ್ನು ಸರಿಯಾದ ಬ್ಯಾಂಕಿಗೆ ಮುಟ್ಟಿಸಿ ಉತ್ತರವನ್ನು ಹಿಂದಕ್ಕೆ ತರುವ ನಡುಮನೆ. ಕಾರ್ಡನ್ನು ಯಂತ್ರಕ್ಕೆ ತೂರಿಸಿದಾಗ ಅದರ ಸಂಖ್ಯೆಯ ಮೊದಲ ಅಂಕಿಗಳು ಅದನ್ನು ಕೊಟ್ಟ ಬ್ಯಾಂಕು ಯಾವುದೆಂದು ಹೇಳುತ್ತವೆ. ಒತ್ತಿದ ಪಿನ್ ಕೀಲಿಮಣೆಯೊಳಗೇ ಗೂಢಸಂಕೇತವಾಗಿ ಮಾರ್ಪಟ್ಟು ಹೊರಡುತ್ತದೆ. ಕೋರಿಕೆ ಯಂತ್ರದ ಬ್ಯಾಂಕಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಖಾತೆಯ ಬ್ಯಾಂಕಿಗೆ ಹೋಗಿ, ಅಲ್ಲಿ ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಮೊತ್ತವನ್ನು ಕಳೆದು ಒಪ್ಪಿಗೆ ಬಂದ ಮೇಲೆ, ಕ್ಯಾಸೆಟ್ ಎಂದು ಕರೆಯುವ ಪೆಟ್ಟಿಗೆಗಳಿಂದ ನೋಟುಗಳು ಎಣಿಕೆಯಾಗಿ ಯಂತ್ರದ ಬಾಯಿಗೆ ಬರುತ್ತವೆ. ಇದೆಲ್ಲ ಕೆಲವೇ ಸೆಕೆಂಡುಗಳ ಕೆಲಸ. ಆ ಹೊತ್ತಿಗೆ ಎರಡು ಬ್ಯಾಂಕುಗಳ ನಡುವೆ ಒಂದು ರೂಪಾಯಿಯೂ ಕೈ ಬದಲಾಗಿರುವುದಿಲ್ಲ. ಎಲ್ಲ ಬ್ಯಾಂಕುಗಳ ಕೊಡುಕೊಳ್ಳುವಿಕೆಯನ್ನು ಕೂಡಿ ಕಳೆದು, ಉಳಿದ ಬಾಕಿಯನ್ನು ರಿಸರ್ವ್ ಬ್ಯಾಂಕಿನಲ್ಲಿರುವ ಅವುಗಳ ಖಾತೆಗಳ ಮೂಲಕ ಆಮೇಲೆ ತೀರಿಸಲಾಗುತ್ತದೆ. ಯಂತ್ರದ ಬ್ಯಾಂಕು ಅಷ್ಟರೊಳಗೆ ಗುರುತು ಪರಿಚಯವಿಲ್ಲದ ವ್ಯಕ್ತಿಗೆ ಇನ್ನೊಬ್ಬರ ಮಾತಿನ ಮೇಲೆ ತನ್ನ ನೋಟನ್ನು ಕೊಟ್ಟಾಗಿರುತ್ತದೆ.

ಆ ನೋಟು ಯಾರದು? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಸ್ವತ್ವದ, ಅಂದರೆ ಒಡೆತನದ, ಸ್ವರೂಪವನ್ನು ದೀರ್ಘವಾಗಿ ಚರ್ಚಿಸಿದ್ದಾನೆ. ಒಡೆತನವೆಂಬುದು ಶಾಸ್ತ್ರ ಹೇಳಿದ್ದರಿಂದ ಮಾತ್ರ ಹುಟ್ಟುತ್ತದೆಯೋ ಅಥವಾ ಲೋಕವ್ಯವಹಾರದಿಂದಲೇ ತಿಳಿಯುತ್ತದೆಯೋ ಎಂಬ ವಾದದಲ್ಲಿ ಆತ ಎರಡನೆಯ ಪಕ್ಷವನ್ನು ಹಿಡಿಯುತ್ತಾನೆ: ಯಜ್ಞದ ಆಹವನೀಯಾಗ್ನಿಯಂತೆ ಶಾಸ್ತ್ರದಿಂದಲೇ ಅಸ್ತಿತ್ವ ಪಡೆಯುವ ವಸ್ತುಗಳ ಸಾಲಿಗೆ ಸ್ವತ್ವ ಸೇರುವುದಿಲ್ಲ, ಅದು ಭತ್ತದಂತೆ ಲೌಕಿಕ ಪ್ರಯೋಜನವನ್ನು ಸಾಧಿಸುವಂಥದ್ದು, ಶಾಸ್ತ್ರವನ್ನರಿಯದ ಗಡಿನಾಡಿನ ಜನರೂ ಕೊಳ್ಳುವ ಮಾರುವ ವ್ಯವಹಾರ ನಡೆಸುವುದೇ ಇದಕ್ಕೆ ಸಾಕ್ಷಿ ಎಂಬುದು ಅವನ ವಾದದ ತಿರುಳು. ಇದನ್ನು ಒಪ್ಪಿದರೆ ಖಾತೆಯಲ್ಲಿರುವ ಹಣ ಖಾತೆದಾರರದು ಎಂಬ ಮಾತಿಗೂ ವ್ಯವಹಾರವೇ ಆಧಾರವಾಗಬೇಕಾಗುತ್ತದೆ. ಬೇಕಾದಾಗ ಕೈಗೆ ಬಂದು, ಕೊಟ್ಟಲ್ಲಿ ಚಲಾವಣೆಯಾದರೆ ಮಾತ್ರ ಅದು ಸ್ವಧನ. ಪಾಸ್‌ಪುಸ್ತಕದಲ್ಲಿ ಅಂಕಿಯಾಗಿ ನಿಂತು, ಹತ್ತಿರದ ಯಂತ್ರ ಮೂವತ್ತು ಕಿಲೋಮೀಟರಿನಾಚೆ ಇದ್ದರೆ ಆ ಒಡೆತನದಲ್ಲಿ ಏನೋ ಒಂದು ಊನವಾಗಿದೆ ಎಂದೇ ವಿಜ್ಞಾನೇಶ್ವರನ ದಾರಿಯಲ್ಲಿ ನಡೆದವರು ಹೇಳಬೇಕು.

ಕಾನೂನಿನ ದೃಷ್ಟಿ ಇನ್ನೂ ಬಿರುಸಾದದ್ದು. ಧರ್ಮಶಾಸ್ತ್ರವು ನಿಕ್ಷೇಪವನ್ನೂ ಋಣವನ್ನೂ ಬೇರೆಬೇರೆ ವ್ಯವಹಾರಪದಗಳೆಂದು, ಎಂದರೆ ವಿವಾದದ ಬೇರೆಬೇರೆ ವಿಷಯಗಳೆಂದು, ಎಣಿಸುತ್ತದೆ. ನಿಕ್ಷೇಪವೆಂದರೆ ನಂಬಿ ಇರಿಸಿದ ವಸ್ತು, ಇಟ್ಟದ್ದನ್ನೇ ಹಿಂದಿರುಗಿಸಬೇಕು. ಋಣದಲ್ಲಿ ಪಡೆದದ್ದಕ್ಕೆ ಸಮನಾದ ಮೊತ್ತವನ್ನು ಕೊಟ್ಟರೆ ಸಾಕು. ಜನ ಬ್ಯಾಂಕಿನ ಠೇವಣಿಯನ್ನು ನಿಕ್ಷೇಪವೆಂದೇ ಭಾವಿಸುತ್ತಾರಾದರೂ, 1848ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಫೋಲಿ ಮತ್ತು ಹಿಲ್ ನಡುವಣ ವ್ಯಾಜ್ಯದಲ್ಲಿ ಸ್ಥಿರಪಡಿಸಿದ ತತ್ವದ ಪ್ರಕಾರ ಠೇವಣಿಯಿಟ್ಟ ಹಣ ಬ್ಯಾಂಕಿನದೇ ಆಗುತ್ತದೆ, ಠೇವಣಿದಾರರು ಅದರ ಸಾಲಿಗರಾಗಿ ಉಳಿಯುತ್ತಾರೆ. ಹಾಗಿದ್ದಲ್ಲಿ ಅನ್ಯ ಬ್ಯಾಂಕಿನ ಯಂತ್ರ ಮಾಡುವ ಕೆಲಸ ಸಾಲಗಾರನ ಪರವಾಗಿ ಸಾಲ ತೀರಿಸುವುದು. ಯಾಜ್ಞವಲ್ಕ್ಯನು ಹೇಳುವ ಮೂರು ಬಗೆಯ ಪ್ರತಿಭೂಗಳಲ್ಲಿ, ಅಂದರೆ ಜಾಮೀನುದಾರರಲ್ಲಿ, ಹಣ ತೆರುವುದಾಗಿ ಒಪ್ಪಿಕೊಂಡ ದಾನಪ್ರತಿಭುವಿಗೆ ಇದು ಹತ್ತಿರ ಬರುತ್ತದೆ. ಆದರೂ ಪೂರ್ತಿ ಹೊಂದುವುದಿಲ್ಲ. ಜಾಮೀನುದಾರನು ತಿಳಿದವನೊಬ್ಬನಿಗಾಗಿ ತಿಳಿದೇ ಹೊಣೆ ಹೊರುತ್ತಾನೆ; ಜಾಲದೊಳಗಿನ ಬ್ಯಾಂಕು ಇನ್ನೂ ಖಾತೆಯನ್ನೇ ತೆರೆಯದವರಿಗೂ, ನಾಳೆ ಜಾಲಕ್ಕೆ ಸೇರಲಿರುವ ಬ್ಯಾಂಕಿನ ಗ್ರಾಹಕರಿಗೂ, ಯಾರೆಂದು ಕೇಳದೆ ಕೊಡುವುದಾಗಿ ಮೊದಲೇ ಒಪ್ಪಿಕೊಂಡಿರುತ್ತದೆ.

ಪಡೆಯುವವರು ಯಾರೆಂದು ನಿಶ್ಚಯಿಸದೆ ಬಿಟ್ಟುಕೊಡುವ ಈ ಬಗೆಗೆ ಧರ್ಮಶಾಸ್ತ್ರದಲ್ಲಿ ಒಂದು ಸ್ವತಂತ್ರ ವರ್ಗವೇ ಇದೆ, ಅದು ಉತ್ಸರ್ಗ. ಯಜ್ಞಯಾಗಾದಿಗಳನ್ನು ಇಷ್ಟವೆಂದೂ, ಕೆರೆ ಬಾವಿ ತೋಪು ದೇಗುಲ ಅನ್ನದಾನ ಮುಂತಾದವನ್ನು ಪೂರ್ತವೆಂದೂ ಕರೆದ ಶಾಸ್ತ್ರಕಾರರು ಪೂರ್ತದ ಅಧಿಕಾರವನ್ನು ಶೂದ್ರರಿಗೂ ತೆರೆದಿಟ್ಟರು. ಕೆರೆಯನ್ನು ತೋಡಿಸಿದ ಮಾತ್ರಕ್ಕೆ ಪೂರ್ತ ಮುಗಿಯುವುದಿಲ್ಲ, ತೋಡಿಸಿದಾತ ಅದನ್ನು ವಿಧಿಪೂರ್ವಕವಾಗಿ ಸಕಲ ಭೂತಗಳಿಗೆ, ಅಂದರೆ ಎಲ್ಲ ಜೀವಿಗಳಿಗೆ, ಬಿಟ್ಟುಕೊಡಬೇಕು. ಹಸುವನ್ನು ನೀರಿಗಿಳಿಸಿ ದಾಟಿಸುವುದೂ ಈ ವಿಧಿಯ ಒಂದು ಅಂಗ. ದಾನಕ್ಕೂ ಉತ್ಸರ್ಗಕ್ಕೂ ಇರುವ ಅಂತರವನ್ನು ನಿಬಂಧಕಾರರು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ದಾನ ಪೂರ್ಣವಾಗಬೇಕಾದರೆ ಒಬ್ಬ ನಿರ್ದಿಷ್ಟ ವ್ಯಕ್ತಿ ಅದನ್ನು ಸ್ವೀಕರಿಸಬೇಕು, ಸ್ವೀಕರಿಸಿದ ಮೇಲೆ ಒಡೆತನ ಅವನದು, ಕೊಟ್ಟವನಿಗೆ ಅದರಲ್ಲಿ ಭಾಗವಿಲ್ಲ. ಉತ್ಸರ್ಗದಲ್ಲಿ ಒಡೆತನ ಒಬ್ಬನಿಂದ ಇನ್ನೊಬ್ಬನಿಗೆ ಸಾಗುವುದಿಲ್ಲ. ಬಿಟ್ಟವನು ಬಿಡುತ್ತಾನೆ, ಎಲ್ಲರೂ ಬಳಸುತ್ತಾರೆ, ಬಿಟ್ಟವನು ಕೂಡ ಎಲ್ಲರಲ್ಲೊಬ್ಬನಾಗಿ ಅದೇ ನೀರನ್ನು ಮೊಗೆಯಬಹುದು. ಕಟ್ಟಿಸಿದವನಿಗೂ ದಾರಿಹೋಕನಿಗೂ ಮೆಟ್ಟಿಲ ಮೇಲೆ ಸಮಾನ ಸ್ಥಾನ.

ಹಂಚಿಕೊಂಡ ನಗದು ಯಂತ್ರಗಳ ಜಾಲಕ್ಕೆ ಈ ವರ್ಗವೇ ಅತ್ಯಂತ ಸಮೀಪದ್ದೆಂದು ಹೇಳಲು ಕಾರಣವಿದೆ. ಜಾಲ ಸೇರಿದ ಬ್ಯಾಂಕು ತನ್ನ ಯಂತ್ರದ ಮೇಲಿನ ಪ್ರತ್ಯೇಕ ಹಕ್ಕನ್ನು ಬಿಟ್ಟು, ಸದಸ್ಯನಾಗಿ ಎಲ್ಲ ಯಂತ್ರಗಳ ಬಳಕೆಯನ್ನು ಪಡೆಯುತ್ತದೆ. ಈ ತ್ಯಾಗವನ್ನು ಇನ್ನೂ ಮುಂದಕ್ಕೆ ಒಯ್ದವರು ನೆದರ್ಲೆಂಡ್ಸಿನ ಮೂರು ದೊಡ್ಡ ಬ್ಯಾಂಕುಗಳು: ಎಬಿಎನ್ ಆಮ್ರೊ, ಐಎನ್‌ಜಿ ಮತ್ತು ರಾಬೊಬ್ಯಾಂಕ್ 2019ರಿಂದ ತಮ್ಮ ಯಂತ್ರಗಳನ್ನು 'ಗೆಲ್ಡ್‌ಮಾಟ್' ಎಂಬ ಸಾಮಾನ್ಯ ಸಂಸ್ಥೆಗೆ ಒಪ್ಪಿಸಿ, ತಮ್ಮ ಹೆಸರುಗಳನ್ನು ಅಳಿಸಿ, ಒಂದೇ ಹಳದಿ ಬಣ್ಣದ ಫಲಕದಡಿ ತಂದವು. ಅದರ ಹಿಂದೆ ಖರ್ಚು ಉಳಿಸುವ ಉದ್ದೇಶವೇ ಮುಖ್ಯವಾಗಿತ್ತೆಂಬುದು ಗುಟ್ಟೇನಲ್ಲ. ನಗದಿನ ಬಳಕೆ ಇಳಿಯುತ್ತಿದ್ದಾಗ ಒಂದೇ ಬೀದಿಯಲ್ಲಿ ಮೂರು ಯಂತ್ರಗಳನ್ನು ಸಾಕುವುದು ಯಾರಿಗೂ ಬೇಡವಾಗಿತ್ತು. ಶಾಸ್ತ್ರಕಾರರು ಇದರಿಂದ ಕಂಗೆಡುತ್ತಿರಲಿಲ್ಲ. ಪುಣ್ಯದ ಆಸೆಯಿಂದ ಕಟ್ಟಿಸಿದರೂ ಕೀರ್ತಿಯ ಆಸೆಯಿಂದ ಕಟ್ಟಿಸಿದರೂ ಕೆರೆಯ ನೀರು ಒಂದೇ. ಆದರೆ ಬ್ರಿಟನ್ನಿನ ಸಂಸತ್ತು 2023ರ ಹಣಕಾಸು ಸೇವೆಗಳ ಕಾಯಿದೆಯಲ್ಲಿ ನಗದು ದೊರಕುವಂತೆ ನೋಡಿಕೊಳ್ಳುವ ಹೊಣೆಯನ್ನು ದೊಡ್ಡ ಬ್ಯಾಂಕುಗಳ ಮೇಲೆ ಹೊರಿಸಬೇಕಾಗಿ ಬಂದದ್ದನ್ನು ನೋಡಿದರೆ, ಖರ್ಚಿನ ಲೆಕ್ಕ ತಾನಾಗಿಯೇ ಕರ್ತವ್ಯದ ದಡಕ್ಕೆ ತಲುಪಿಸುತ್ತದೆಂದು ನಂಬುವುದಕ್ಕಾಗದು.

ಭಾರತದಲ್ಲಿ ಉತ್ಸರ್ಗದ ಸಾಮ್ಯ ತಡವರಿಸುವುದು ಶುಲ್ಕದ ಬಳಿ. ಅನ್ಯ ಬ್ಯಾಂಕಿನ ಯಂತ್ರದಿಂದ ಹಣ ತೆಗೆದಾಗ ಖಾತೆಯ ಬ್ಯಾಂಕು ಯಂತ್ರದ ಬ್ಯಾಂಕಿಗೆ ತೆರುವ ಮೊತ್ತಕ್ಕೆ ಇಂಟರ್‌ಚೇಂಜ್ ಎಂದು ಹೆಸರು. 15 ರೂಪಾಯಿ ಇದ್ದದ್ದು 2021ರ ಆಗಸ್ಟಿನಲ್ಲಿ 17ಕ್ಕೆ, 2025ರ ಮೇ 1ರಿಂದ 19ಕ್ಕೆ ಏರಿತು. ಗ್ರಾಹಕರು ಇದನ್ನು ನೇರವಾಗಿ ಕಾಣುವುದಿಲ್ಲ. ಅವರಿಗೆ ಕಾಣುವುದು ಮಹಾನಗರಗಳಲ್ಲಿ ತಿಂಗಳಿಗೆ ಮೂರು, ಉಳಿದೆಡೆ ಐದು ಎಂಬ ಉಚಿತ ಮಿತಿ ಮತ್ತು ಅದು ದಾಟಿದ ಮೇಲೆ ಪ್ರತಿ ಸಲ ಕಡಿತವಾಗಬಹುದಾದ 23 ರೂಪಾಯಿ. ಕರ್ನಾಟಕದ ಶಾಸನಗಳಲ್ಲಿ ಕೆರೆಯ ಪೋಷಣೆಗೆ ಸಂಬಂಧಿಸಿದ ಎರಡು ವ್ಯವಸ್ಥೆಗಳು ಮತ್ತೆ ಮತ್ತೆ ಬರುತ್ತವೆ: ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಭೂಮಿ ಬಿಡುವ ಕಟ್ಟುಕೊಡಗಿ ಮತ್ತು ಕೆರೆಯ ರಕ್ಷಣೆಗೆಂದು ಮೀಸಲಿಟ್ಟ ಬಿತ್ತುವಟ್ಟ. ಎರಡರಲ್ಲೂ ಪೋಷಣೆಯ ಹೊರೆ ಭೂಮಿಯ ಮೇಲೆ, ಭೂಮಿಯ ಫಲದ ಮೇಲೆ ಬಿದ್ದಿತ್ತು. ಬಿಟ್ಟದ್ದಕ್ಕೂ ಖರ್ಚಿದೆ, ಹೂಳೆತ್ತಿಸಬೇಕು, ಏರಿ ಕಾಯಬೇಕು ಎಂಬುದನ್ನು ಆ ಕಾಲದವರು ಮರೆತಿರಲಿಲ್ಲ. ಇಂಟರ್‌ಚೇಂಜ್ ಒಂದು ಅರ್ಥದಲ್ಲಿ ಬಿತ್ತುವಟ್ಟದ ಸ್ಥಾನದಲ್ಲಿದೆ: ಠೇವಣಿಗಳಿಂದ ಲಾಭ ಪಡೆಯುವ ಬ್ಯಾಂಕು ಪೋಷಣೆಯ ಖರ್ಚನ್ನು ಹೊರುತ್ತದೆ. ಮಿತಿ ದಾಟಿದ ಮೇಲಿನ 23 ರೂಪಾಯಿ ಮಾತ್ರ ಕೊಡ ಹಿಡಿದು ಬಂದವರ ಮೇಲೆಯೇ ಬೀಳುತ್ತದೆ, ಅದರಲ್ಲೂ ಸಾವಿರ ತೆಗೆದವರಿಗೂ ಹತ್ತು ಸಾವಿರ ತೆಗೆದವರಿಗೂ ಅದು ಒಂದೇ ಆಗಿರುವುದರಿಂದ, ಕೂಲಿ ಬಂದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ತೆಗೆಯುವವರ ಮೇಲೆ ಹೆಚ್ಚು ಭಾರವಾಗಿ ಬೀಳುತ್ತದೆ.

ಈ ಶುಲ್ಕದ ಇತಿಹಾಸವೇ ಅದರ ಸ್ಥಾನವನ್ನು ಬಯಲಿಗೆಳೆಯುತ್ತದೆ. 2009ರ ಏಪ್ರಿಲ್ 1ರಿಂದ ಯಾವ ಬ್ಯಾಂಕಿನ ಯಂತ್ರದಿಂದಾದರೂ ನಗದು ತೆಗೆಯುವುದು ಉಚಿತವೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಆ ಅಕ್ಟೋಬರಿನಲ್ಲಿಯೇ ತಿಂಗಳಿಗೆ ಐದು ಸಲವೆಂಬ ಮಿತಿ ಬಂತು. 2014ರ ನವೆಂಬರಿನಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಿಗೆ ಅದು ಮೂರಕ್ಕಿಳಿಯಿತು. ಆದರೆ 2016ರ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾಗಿ ದೇಶವೆಲ್ಲ ಸಾಲುಗಟ್ಟಿ ನಿಂತಾಗ ವರ್ಷದ ಕೊನೆಯವರೆಗೆ ಶುಲ್ಕವನ್ನು ಕೈಬಿಡಲಾಯಿತು. 2020ರ ಮಾರ್ಚಿನಲ್ಲಿ ಕೊರೋನಾ ಲಾಕ್‌ಡೌನಿನ ಹೊತ್ತಿಗೆ ಮೂರು ತಿಂಗಳ ಮಟ್ಟಿಗೆ ಅನ್ಯ ಬ್ಯಾಂಕಿನ ಯಂತ್ರಗಳ ಶುಲ್ಕ ಮತ್ತೆ ರದ್ದಾಯಿತು. ಸಂಕಟದ ಕಾಲಕ್ಕೆ ಸಾಮಾನ್ಯ ನಿಯಮವನ್ನು ಸಡಿಲಿಸುವುದಕ್ಕೆ ಧರ್ಮಶಾಸ್ತ್ರದಲ್ಲಿ ಆಪದ್ಧರ್ಮವೆಂಬ ಹೆಸರಿದೆ, ಮತ್ತು ಆಪತ್ತು ಕಳೆದ ಮೇಲೆ ಮೂಲ ಧರ್ಮಕ್ಕೆ ಮರಳಬೇಕೆಂಬುದು ಅದರ ಷರತ್ತು. ಇಲ್ಲಿ ಆ ಕ್ರಮ ತಿರುವುಮುರುವಾಗಿದೆ. ಯಂತ್ರಗಳು ಎಲ್ಲರಿಗೂ ಸೇರಿದವು ಎಂಬ ಮೂಲ ಧರ್ಮ ಆಪತ್ತಿನ ದಿನಗಳಲ್ಲಿ ಜಾರಿಗೆ ಬಂತು; ಸುಭಿಕ್ಷದ ದಿನಗಳಿಗೆ ವಿನಾಯಿತಿಯ ನಿಯಮ ಉಳಿಯಿತು. ಆಪತ್ತು ಬಂದಾಗ ಮೊದಲು ಕೈಬಿಡಬೇಕೆನಿಸುವ ನಿಯಮ ಆ ವ್ಯವಸ್ಥೆಯ ತಿರುಳಾಗಿರಲಾರದು.

ಯುಪಿಐ ಬಂದಿರುವಾಗ ನಗದಿಗಾಗಿ ಇಷ್ಟು ಚಿಂತೆ ಏಕೆ ಎಂಬ ಆಕ್ಷೇಪಕ್ಕೆ ಉತ್ತರ ಉದ್ದ ಬೇಕಿಲ್ಲ. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 26ನೆಯ ವಿಧಿಯಂತೆ ಬ್ಯಾಂಕ್ ನೋಟು ಭಾರತದ ಯಾವುದೇ ಸ್ಥಳದಲ್ಲಿ ಕಾನೂನುಬದ್ಧ ಹಣ. ಅದರ ಮೇಲೆ ಗವರ್ನರರ ಸಹಿಯಿರುವ ವಚನ ಹಣ ಹಿಡಿದು ಬಂದವರಿಗೆ ಕೊಟ್ಟದ್ದು, ಅವರ ಹೆಸರನ್ನು ಅದು ಕೇಳುವುದಿಲ್ಲ. ಹಿಂಬದಿಯ ಪಟ್ಟಿಯಲ್ಲಿ ಕನ್ನಡವೂ ಸೇರಿ ಹದಿನೈದು ಭಾಷೆಗಳಲ್ಲಿ ಅದರ ಮೌಲ್ಯ ಬರೆದಿದೆ. ಫೋನು, ಸಿಗ್ನಲ್ಲು, ಓದು ಬಾರದವರ ಕೈಯಲ್ಲೂ ನಡೆಯುವ ಹಣ ಇದೊಂದೇ. ಯಾವ ಸ್ಥಳದಲ್ಲೂ ಸಲ್ಲುವುದೆಂದು ವಚನ ಕೊಟ್ಟ ಪ್ರಭುತ್ವ, ಆ ಹಣ ಹಲವು ಸ್ಥಳಗಳಲ್ಲಿ ಸಿಗುವುದೇ ಇಲ್ಲವೆಂದಾಗ ತನಗೆ ಸಂಬಂಧವಿಲ್ಲವೆನ್ನಲಾಗದು.

ಉತ್ಸರ್ಗದ ಹೊಗಳಿಕೆಗೆ ಇಲ್ಲಿ ಒಂದು ತಡೆ ಬೇಕು. ಎಲ್ಲ ಜೀವಿಗಳಿಗೆಂದು ಬಿಟ್ಟ ನೀರಿನ ಬಳಿಗೆ ದನಕರುಗಳು ಬರಬಹುದಿತ್ತು, ಅಸ್ಪೃಶ್ಯರೆನಿಸಿದ ಮನುಷ್ಯರು ಬರಕೂಡದಿತ್ತು. ಸಾರ್ವಜನಿಕ ಕೆರೆಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು 1923ರಲ್ಲಿ ಬೊಂಬಾಯಿ ಶಾಸನಸಭೆ ತನ್ನ ಸದಸ್ಯ ಬೋಲೆಯವರ ಗೊತ್ತುವಳಿಯನ್ನು ಒಪ್ಪಿ, ಕೊಂಕಣದ ಮಹಾಡದ ಪುರಸಭೆ ತನ್ನ ಚವದಾರ್ ಕೆರೆಯನ್ನು ತೆರೆದಿರುವುದಾಗಿ ಸಾರಿದ ಮೇಲೂ, 1927ರ ಮಾರ್ಚ್ 20ರಂದು ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರನ್ನು ಕುಡಿದದ್ದು ಬಂಡಾಯವೆನಿಸಿತು. ಬಳಿಕ ಸವರ್ಣೀಯರು ಪಂಚಗವ್ಯ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಕೆರೆ ಖಾಸಗಿಯದೆಂಬ ವಾದ ನ್ಯಾಯಾಲಯಗಳನ್ನು ಸುತ್ತಿ 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಸಂವಿಧಾನದ 15ನೆಯ ಅನುಚ್ಛೇದ ಸಾರ್ವಜನಿಕರ ಉಪಯೋಗಕ್ಕೆ ಸಮರ್ಪಿತವಾದ ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಧರ್ಮ ಜಾತಿ ಲಿಂಗಗಳ ಹೆಸರಿನಲ್ಲಿ ಯಾರನ್ನೂ ತಡೆಯಕೂಡದೆಂದು ವಿಧಿಸಿದಾಗ, ಉತ್ಸರ್ಗದ ಹಳೆಯ ಸಂಕಲ್ಪವಾಕ್ಯಕ್ಕೆ ಅದರ ನಿಜವಾದ ಅರ್ಥ ಕಾನೂನಿನ ಬಲದೊಂದಿಗೆ ದೊರಕಿತೆನ್ನಬೇಕು. ಸಂಕಲ್ಪ ಎಷ್ಟು ವಿಶಾಲವಾಗಿದ್ದರೂ ಬಳಕೆಯ ಬಾಗಿಲಲ್ಲಿ ಅದು ಕಿರಿದಾಗಬಲ್ಲದು.

ನಗದು ಯಂತ್ರ ಜಾತಿಯನ್ನು ಕೇಳುವುದಿಲ್ಲ. ಅದು ಸಣ್ಣ ಸಂಗತಿಯಲ್ಲ. ಆದರೆ ಅದರ ಬಾಗಿಲಲ್ಲಿ ಕಿರಿದಾಗುವ ಬಗೆಗಳು ಬೇರೆ ಇವೆ. ಕ್ಯಾಸೆಟ್ಟುಗಳಲ್ಲಿ ಬರಿಯ ಐನೂರರ ನೋಟು ತುಂಬಿಟ್ಟರೆ ಖಾತೆಯಲ್ಲಿ ನಾನೂರ ಐವತ್ತು ರೂಪಾಯಿ ಇರುವವರಿಗೆ ಆ ಯಂತ್ರ ಇದ್ದೂ ಇಲ್ಲದಂತೆ. 2025ರಲ್ಲಿ ರಿಸರ್ವ್ ಬ್ಯಾಂಕು ಆ ಸೆಪ್ಟೆಂಬರಿನ ಒಳಗೆ ಶೇ. 75, ಮರು ಮಾರ್ಚಿನೊಳಗೆ ಶೇ. 90 ಯಂತ್ರಗಳ ಕನಿಷ್ಠ ಒಂದು ಕ್ಯಾಸೆಟ್ಟಿನಲ್ಲಿ ನೂರರ ಅಥವಾ ಇನ್ನೂರರ ನೋಟು ಇರಬೇಕೆಂದು ಆದೇಶಿಸಿದ್ದು ಇದೇ ಕಾರಣಕ್ಕೆ. ತಿಂಗಳಲ್ಲಿ ಹತ್ತು ಗಂಟೆಗಿಂತ ಹೆಚ್ಚು ಕಾಲ ನಗದಿಲ್ಲದೆ ನಿಂತ ಯಂತ್ರಕ್ಕೆ 10,000 ರೂಪಾಯಿ ದಂಡವೆಂಬ 2021ರ ನಿಯಮವೂ, ಖಾತೆಯಿಂದ ಹಣ ಕಡಿತವಾಗಿ ನೋಟು ಬಾರದಿದ್ದರೆ ಐದು ದಿನಗಳಲ್ಲಿ ಮರಳಿಸಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ 2019ರ ನಿಯಮವೂ ಬಿಟ್ಟುಕೊಟ್ಟವರ ಮೇಲೆ ಪೋಷಣೆಯ ಋಣ ಉಳಿದೇ ಇರುತ್ತದೆಂಬುದನ್ನು ಒಪ್ಪಿಕೊಳ್ಳುತ್ತವೆ. ಇವುಗಳಲ್ಲಿ ಮೊದಲನೆಯದಕ್ಕೆ ಒಂದು ಕುತ್ತಿದೆ. ಇದ್ದ ಯಂತ್ರ ಬರಿದಾದರೆ ದಂಡ, ಯಂತ್ರವನ್ನೇ ಎತ್ತಿಕೊಂಡು ಹೋದರೆ ದಂಡವಿಲ್ಲ. ಹೀಗಾಗಿ ತುಂಬುವುದು ಕಷ್ಟವಾದ ದೂರದ ಊರಿನಲ್ಲಿ ಯಂತ್ರವನ್ನು ಮುಚ್ಚುವುದೇ ಬ್ಯಾಂಕಿಗೆ ಸುಲಭದ ದಾರಿಯಾಗಿ ಕಾಣುತ್ತದೆ.

ಇಂಟರ್‌ಚೇಂಜೂ ಅದೇ ಕಡೆಗೆ ತಳ್ಳುತ್ತದೆ. ಪ್ರತಿ ಸಲಕ್ಕೆ 19 ರೂಪಾಯಿ ದೊರಕುವುದಾದರೆ ಜನ ಹೆಚ್ಚು ಬರುವ ಬಸ್ ನಿಲ್ದಾಣದ ಯಂತ್ರ ತನ್ನ ಖರ್ಚನ್ನು ದುಡಿದುಕೊಳ್ಳುತ್ತದೆ, ದಿನಕ್ಕೆ ಇಪ್ಪತ್ತು ಜನ ಬರುವ ಹೋಬಳಿಯ ಯಂತ್ರ ದುಡಿಯಲಾರದು. ಆ ಇಪ್ಪತ್ತು ಜನರಿಗೆ ಮಾತ್ರ ಆ ಯಂತ್ರದ ಬೆಲೆ ಬಸ್ ನಿಲ್ದಾಣದ ಯಾವ ಯಂತ್ರಕ್ಕಿಂತಲೂ ಹೆಚ್ಚು. ಬ್ಯಾಂಕುಗಳಲ್ಲದ ಸಂಸ್ಥೆಗಳು ಯಂತ್ರ ಇಡುವ ವೈಟ್ ಲೇಬಲ್ ಯೋಜನೆಯನ್ನು 2012ರಲ್ಲಿ ತಂದಾಗ ಸಣ್ಣ ಊರುಗಳಲ್ಲಿ ಇಂತಿಷ್ಟು ಪಾಲು ಇಡಲೇಬೇಕೆಂಬ ಷರತ್ತನ್ನು ರಿಸರ್ವ್ ಬ್ಯಾಂಕು ಹಾಕಿದ್ದು, ಬಳಕೆಯ ಎಣಿಕೆಗೆ ಈ ಕೊರತೆಯನ್ನು ತುಂಬುವ ಶಕ್ತಿ ಇಲ್ಲವೆಂದು ಅರಿತೇ ಇರಬೇಕು. ಮಹಾನಗರಕ್ಕೆ ಮೂರು, ಉಳಿದೆಡೆಗೆ ಐದು ಎಂಬ ವ್ಯತ್ಯಾಸದೊಳಗೂ ಅದೇ ಅರಿವು ಅಡಗಿದೆ: ಸುತ್ತ ಬೇರೆ ಯಂತ್ರವಿಲ್ಲದವರು ಪರರ ಯಂತ್ರವನ್ನು ಬಳಸುವುದು ಅನಿವಾರ್ಯತೆಯಿಂದ. ಈ ತತ್ವವನ್ನು ಅದರ ತುದಿಯವರೆಗೆ ಒಯ್ದರೆ ಒಂದೇ ಯಂತ್ರವಿರುವ ಊರಿನಲ್ಲಿ ಉಚಿತ ಮಿತಿ ಎಂಬುದೇ ಇರಕೂಡದು, ಮತ್ತು ಅಂಥ ಯಂತ್ರದ ಖರ್ಚನ್ನು ಬಳಕೆಯ ಲೆಕ್ಕದಲ್ಲಿ ಹಂಚದೆ ಎಲ್ಲ ಬ್ಯಾಂಕುಗಳೂ ತಮ್ಮಲ್ಲಿರುವ ಠೇವಣಿಯ ಪ್ರಮಾಣಕ್ಕೆ ತಕ್ಕಂತೆ ಹೊರಬೇಕು. ಹಾಗೆ ಮಾಡಿದರೆ ಆ ಯಂತ್ರವನ್ನು ಎಂದೂ ಕಾಣದ ನಗರದ ಠೇವಣಿದಾರರು ಕೊನೆಗೆ ಅದರ ಬೆಲೆ ತೆರಬೇಕಾಗುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಹೋಬಳಿಯವರಿಟ್ಟ ಠೇವಣಿಯಿಂದ ನಗರದಲ್ಲಿ ಸಾಲ ಕೊಟ್ಟಾಗ ಇಂಥದೇ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.